ಬರೀ ಮಣ್ಣಿನ ದಿಬ್ಬವಂತೆ!

"ಐರ್ಲೆಂಡಿನಲ್ಲಿ ಇಂಥವು ನಲವತ್ತೈದು ಸಾವಿರ ಇವೆಯಲ್ಲ ಮಾರಾಯ್ರೇ, ಒಂದು ಹೋದರೆ ಏನು ಗಂಟು ಹೋಗುತ್ತೆ?"

ರಿಂಗ್‌ಫೋರ್ಟ್ ವಿಷಯ ಎತ್ತಿದಾಗೆಲ್ಲ ಈ ವಾದ ಬಂದೇ ಬರುತ್ತೆ. ಕೇಳಿ ಕೇಳಿ ಸಾಕಾಗಿದೆ, ಅದಕ್ಕೇ ಇವತ್ತು ಬರೀತಾ ಇದ್ದೀನಿ.

ಹೆಸರಲ್ಲಿ ಕೋಟೆ ಇದ್ದರೂ ಇವುಗಳಲ್ಲಿ ಹೆಚ್ಚಿನವು ರಾಜರ ಕೋಟೆಗಳಲ್ಲ. ಸುತ್ತ ಕಂದಕ, ಮಣ್ಣಿನ ದಿಂಡು, ಒಳಗೆ ಒಂದು ರೈತ ಕುಟುಂಬ, ಅವರ ದನಕರು. ಬಹುಪಾಲು ಕ್ರಿ.ಶ. 600ರಿಂದ 900ರ ನಡುವಿನವು. ಅರಮನೆ ಉಳಿದರೆ ರಾಜನ ಕತೆ ಸಿಗುತ್ತೆ. ಊರಿನ ಸಾಮಾನ್ಯರ ಕತೆ ಎಲ್ಲಿ ಸಿಗುತ್ತೆ ಹೇಳಿ? ಇಲ್ಲೇ!

ಉತ್ತರ ಐರ್ಲೆಂಡಿನ ಆಂಟ್ರಿಮ್‌ನಲ್ಲಿ ಡಿಯರ್ ಪಾರ್ಕ್ ಫಾರ್ಮ್ಸ್ ಅಂತ ಒಂದು ಜಾಗ. ಹೊರಗಿನಿಂದ ಅದೂ "ಬರೀ ದಿಬ್ಬ"ವೇ. 1980ರ ದಶಕದಲ್ಲಿ ಅಗೆದರೆ, ಒದ್ದೆ ಮಣ್ಣಿನೊಳಗೆ ಬುಟ್ಟಿಯಂತೆ ಹೆಣೆದ ಕಡ್ಡಿಗಳ ಜೋಡಿ ಗೋಡೆಯ ದುಂಡು ಮನೆಗಳು ಸಿಕ್ಕವು. ಸಾವಿರಕ್ಕೂ ಹೆಚ್ಚು ವರ್ಷ ಹಳೆಯವು! ಯಾವ ದಿಬ್ಬದಲ್ಲಿ ಏನಿದೆ ಅಂತ ಬುಲ್ಡೋಜರಿಗೆ ಗೊತ್ತಾಗುತ್ತಾ?

ಇನ್ನೊಂದು ಗುಂಪಿದೆ. ಇಲ್ಲಿ ಯಕ್ಷಿಣಿಯರು ಇರ್ತಾರೆ ಅಂತ ನಂಬಿ ಮುಳ್ಳುಗಿಡವನ್ನೂ ಕಡಿಯದ ರೈತರನ್ನು ನೋಡಿ ನಗುವವರು. ನಾನೂ ಯಕ್ಷಿಣಿಯರನ್ನು ನಂಬೋದಿಲ್ಲ ಸ್ವಾಮಿ. ಆದರೆ ಪುರಾತತ್ವ ಇಲಾಖೆ ಹುಟ್ಟುವ ಎಷ್ಟೋ ಮೊದಲಿನಿಂದ ಇವನ್ನು ಕಾದದ್ದು ಆ ಭಯವೇ ತಾನೆ? ನಕ್ಕು ಆ ಭಯ ಓಡಿಸಿದವರು ಬದಲಿಗೆ ಏನಿಟ್ಟರು?

ಕಾನೂನು ಇದೆ ಅನ್ನಬಹುದು. ಐರ್ಲೆಂಡ್ ಗಣರಾಜ್ಯದ 1994ರ ಕಾನೂನು ಸ್ಮಾರಕಗಳ ಪಟ್ಟಿ ಮಾಡಿಸಿತು, ಅಲ್ಲಿ ಕೆಲಸ ಮಾಡುವ ಎರಡು ತಿಂಗಳು ಮೊದಲು ಲಿಖಿತ ನೋಟಿಸ್ ಕೊಡಬೇಕು ಅಂದಿತು. 2023ರಲ್ಲಿ ಹೊಸ ಕಾಯ್ದೆಯೂ ಅಂಗೀಕಾರವಾಯಿತು. ಒಳ್ಳೆಯದೇ. ಆದರೆ 2012ರಲ್ಲಿ ಕೆರಿ ಕೌಂಟಿಯಲ್ಲಿ ಒಂದು ರಿಂಗ್‌ಫೋರ್ಟ್ ನೆಲಸಮ ಮಾಡಿದ್ದಕ್ಕೆ ಕೋರ್ಟು 25,000 ಯೂರೋ ದಂಡ ಹಾಕಿತು. ದಂಡ ಬಂತು, ಕೋಟೆ ಬಂತಾ?

ಹಾಗಂತ ರೈತನನ್ನೇ ಬೈಯೋದೂ ತಪ್ಪು. ಉಳುವ ಜಾಗ ಬಿಟ್ಟುಕೊಟ್ಟು ನಷ್ಟ ಅನುಭವಿಸೋನು ಅವನು, ಹೆಮ್ಮೆ ಪಡೋರು ನಾವು. 2015ರಲ್ಲಿ ಶುರುವಾದ ಗ್ಲಾಸ್ ಯೋಜನೆ ಸ್ಮಾರಕ ನೋಡಿಕೊಳ್ಳುವ ರೈತರಿಗೆ ಹಣ ಕೊಟ್ಟಿತ್ತು. ದಾರಿ ಅದೇ. ಒಡೆದ ಮೇಲೆ ದಂಡ ಹಾಕೋದಕ್ಕಿಂತ ಉಳಿಸಿದ್ದಕ್ಕೆ ಕೂಲಿ ಕೊಡಿ.

ನಲವತ್ತೈದು ಸಾವಿರದಲ್ಲಿ ಒಂದು ಅನ್ನೋರಿಗೆ ಕೊನೇ ಮಾತು: ಅದು ಯಾರದೋ ಒಂದೇ ಮನೆ.

ನೀವೇನಂತೀರಿ?