ಕನಸೆಂದು ಹೇಳಿಬಿಟ್ಟರೆ ಮುಗಿಯಿತೇ?

ಕಳೆದ ತಿಂಗಳು ಮಗಳು ರಜೆಗೆ ಊರಿಗೆ ಬಂದಿದ್ದಳು. ಒಂದು ಸಂಜೆ ಕಾಫಿ ಕುಡಿಯುತ್ತಾ, "ಅಮ್ಮ, ನಮ್ಮ ಹಳೆಯ ಧಾರಾವಾಹಿಯ ಕೊನೆಯ ಎರಡು ಸರಣಿಗಳನ್ನು ನೀನು ನೋಡಲೇ ಇಲ್ಲವಲ್ಲ" ಎಂದು ಲ್ಯಾಪ್‌ಟಾಪ್ ತೆರೆದಿಟ್ಟಳು. ನಿವೃತ್ತಳಾದ ವಿಜ್ಞಾನದ ಮೇಷ್ಟ್ರಮ್ಮ ಅಮೆರಿಕದ ಧಾರಾವಾಹಿಯೊಂದರ ಬಗ್ಗೆ ಬರೆಯುತ್ತಿದ್ದಾಳೆಂದು ನನ್ನ ಹಳೆಯ ವಿದ್ಯಾರ್ಥಿಗಳು ನಗಬಹುದು. ನಗಲಿ. ಆದರೆ ಆ ಸಂಜೆ ನೋಡಿದ್ದು ನನ್ನ ತರಗತಿಯ ಹಳೆಯ ತಪ್ಪೊಂದನ್ನು ಕೆದಕಿಬಿಟ್ಟಿತು. ಅದನ್ನು ಹೇಳದೆ ಸಮಾಧಾನವಿಲ್ಲ.

'ನಮ್ಮ ಹಳೆಯ ಧಾರಾವಾಹಿ' ಎಂದರೆ 'ದಿ ಎಕ್ಸ್ ಫೈಲ್ಸ್'. ಕ್ರಿಸ್ ಕಾರ್ಟರ್ ಎಂಬಾತ ರೂಪಿಸಿದ ಇದು ಅಮೆರಿಕದಲ್ಲಿ 1993ರ ಸೆಪ್ಟೆಂಬರ್‌ನಿಂದ 2002ರ ಮೇ ತಿಂಗಳವರೆಗೆ ಪ್ರಸಾರವಾಯಿತು. ನಮ್ಮ ಮನೆಗೆ ಕೇಬಲ್ ಬಂದ ಹೊಸದರಲ್ಲಿ, ಅವರಿಗೆ ಅರ್ಥವಾಗದ ಇಂಗ್ಲಿಷನ್ನು ಸಹಿಸಿಕೊಂಡು ನಮ್ಮ ಅತ್ತೆಯವರೂ ಒಮ್ಮೊಮ್ಮೆ ಕುಳಿತು ನೋಡುತ್ತಿದ್ದರು. ಎಫ್.ಬಿ.ಐ.ನ ಇಬ್ಬರು ಅಧಿಕಾರಿಗಳು ಯಾರೂ ಬಿಡಿಸಲಾಗದ ಪ್ರಕರಣಗಳ ಬೆನ್ನು ಹತ್ತುವ ಕಥೆ ಅದು. ಮಲ್ಡರ್ ಎಲ್ಲವನ್ನೂ ನಂಬುವವನು: ಅನ್ಯಗ್ರಹದವರು ಬಂದಿದ್ದಾರೆ, ಸರ್ಕಾರ ಅದನ್ನು ಮುಚ್ಚಿಟ್ಟಿದೆ ಎಂದು ವಾದಿಸುವವನು. ಸ್ಕಲ್ಲಿ ವೈದ್ಯೆ, ಭೌತಶಾಸ್ತ್ರ ಓದಿದವಳು, ಐನ್‌ಸ್ಟೈನರ ಅವಳಿಗಳ ವಿರೋಧಾಭಾಸದ ಮೇಲೆ ಪ್ರಬಂಧ ಬರೆದವಳು. 'ಸಾಕ್ಷಿ ಎಲ್ಲಿ?' ಎಂದು ಕೇಳುವುದು ಅವಳ ಕೆಲಸ. ಗಂಡಸು ಭಾವುಕ, ಹೆಂಗಸು ತರ್ಕದವಳು ಎಂಬ ಈ ಅದಲುಬದಲು ನನಗೆ ಬಹಳ ಹಿಡಿಸಿತ್ತು. ನನ್ನ ಮಗಳು ವಿಜ್ಞಾನದ ಕಡೆಗೆ ತಿರುಗಿದ್ದಕ್ಕೆ ಅಮ್ಮನ ಪಾಠ ಎಷ್ಟು ಕಾರಣವೋ ಸ್ಕಲ್ಲಿಯೂ ಅಷ್ಟೇ ಕಾರಣವೆಂದು ನಾನು ಒಪ್ಪಿಕೊಳ್ಳುತ್ತೇನೆ. ಅವಳೊಬ್ಬಳೇ ಅಲ್ಲ. 2018ರಲ್ಲಿ ಅಮೆರಿಕದಲ್ಲಿ ನಡೆದ ಗೀನಾ ಡೇವಿಸ್ ಸಂಸ್ಥೆಯ ಸಮೀಕ್ಷೆಯಲ್ಲಿ, ವಿಜ್ಞಾನ ತಂತ್ರಜ್ಞಾನದ ವೃತ್ತಿಯಲ್ಲಿದ್ದು ಸ್ಕಲ್ಲಿಯನ್ನು ಬಲ್ಲ ಮಹಿಳೆಯರಲ್ಲಿ 63 ಶೇಕಡಾ ಮಂದಿ ಆಕೆಯೇ ತಮಗೆ ಮಾದರಿ ಎಂದಿದ್ದರು.

ಹದಿನಾಲ್ಕು ವರ್ಷಗಳ ನಂತರ, 2016ರಲ್ಲಿ, ಹತ್ತನೆಯ ಸರಣಿ ಬಂತು. ಬರೀ ಆರು ಕಂತುಗಳು. ಫೆಬ್ರವರಿ 22ರ ಕೊನೆಯ ಕಂತಿನಲ್ಲಿ ಜಗತ್ತಿನ ತುಂಬ ಒಂದು ಮಹಾಮಾರಿ ಹರಡುತ್ತದೆ. ಮಲ್ಡರ್ ಸಾಯುವ ಸ್ಥಿತಿಯಲ್ಲಿದ್ದಾನೆ. ವಾಹನಗಳಿಂದ ಕಿಕ್ಕಿರಿದ ಸೇತುವೆಯ ಮೇಲೆ ಸ್ಕಲ್ಲಿ ನಿಂತಿದ್ದಾಳೆ, ತಲೆಯ ಮೇಲೆ ಹಾರುವ ತಟ್ಟೆ ಬಂದು ನಿಲ್ಲುತ್ತದೆ. ಅಲ್ಲಿಗೆ ತೆರೆ. ಮುಂದೇನಾಯಿತೆಂದು ತಿಳಿಯಲು ಪ್ರೇಕ್ಷಕರು ಹೆಚ್ಚುಕಡಿಮೆ ಎರಡು ವರ್ಷ ಕಾದರು. ನಾವು ತಾಯಿ ಮಗಳು ಒಂದು ಲೋಟ ಮಜ್ಜಿಗೆ ಕುಡಿಯುವಷ್ಟು ಹೊತ್ತು ಮಾತ್ರ ಕಾದೆವು.

2018ರ ಜನವರಿ 3ರಂದು ಪ್ರಸಾರವಾದ ಹನ್ನೊಂದನೆಯ ಸರಣಿಯ ಮೊದಲ ಕಂತು ಆ ಪ್ರಶ್ನೆಗೆ ಕೊಟ್ಟ ಉತ್ತರವಿಷ್ಟೆ: ಅದು ಯಾವುದೂ ನಡೆದೇ ಇಲ್ಲ. ಸ್ಕಲ್ಲಿ ಅಪಸ್ಮಾರ ಬಂದವಳಂತೆ ಬಿದ್ದು ಆಸ್ಪತ್ರೆಯಲ್ಲಿದ್ದಾಳೆ; ಮಹಾಮಾರಿಯೆಲ್ಲ ಅವಳಿಗೆ ಕಂಡ ದರ್ಶನ, ಮುಂದೆಂದೋ ನಡೆಯಬಹುದಾದದ್ದು. ಬೆಟ್ಟ ಅಗೆದು ಇಲಿ ಹಿಡಿದಂತೆ ಎನ್ನುತ್ತಾರೆ. ಇಲ್ಲಿ ಇಲಿಯೂ ಸಿಗಲಿಲ್ಲ, ಬೆಟ್ಟವೇ ಇರಲಿಲ್ಲವೆಂದರು!

ಇದನ್ನಾದರೂ ಸಹಿಸಬಹುದಿತ್ತು. ಕಂತಿನ ಕೊನೆಗೆ ಇನ್ನೊಂದು ಪೆಟ್ಟು ಕಾದಿತ್ತು. ಮಕ್ಕಳಾಗುವುದಿಲ್ಲವೆಂದು ವೈದ್ಯರು ಹೇಳಿದ್ದ ಸ್ಕಲ್ಲಿಗೆ 2001ರ ಕಂತಿನಲ್ಲಿ ಒಬ್ಬ ಮಗ ಹುಟ್ಟಿದ್ದ. ಅವನ ಜೀವ ಉಳಿಸಲು 2002ರಲ್ಲಿ ಅವನನ್ನು ದತ್ತು ಕೊಟ್ಟು ಅವಳು ಎದೆ ಕಲ್ಲು ಮಾಡಿಕೊಂಡಿದ್ದಳು. ಆ ಮಗು ಮಲ್ಡರನದೆಂದು ನೋಡುಗರು ನಂಬಿದ್ದರು. ಈಗ, ಮೊದಲಿನಿಂದಲೂ ಕಥೆಯ ಖಳನಾದ ಸಿಗರೇಟು ಸೇದುವ ಮುದುಕ, ಅನ್ಯಗ್ರಹದ ವಿಜ್ಞಾನದಿಂದ ಆ ಗರ್ಭಕ್ಕೆ ತಾನೇ ಕಾರಣನಾದೆನೆನ್ನುತ್ತಾನೆ. 2000ದ ಒಂದು ಕಂತಿನಲ್ಲಿ ಆತ ಸ್ಕಲ್ಲಿಯನ್ನು ಪ್ರಯಾಣಕ್ಕೆ ಕರೆದೊಯ್ದಿರುತ್ತಾನೆ. ನಿದ್ರೆಹೋದ ಅವಳು ಎದ್ದಾಗ ಬೇರೆ ಹಾಸಿಗೆಯಲ್ಲಿ, ಬೇರೆ ಉಡುಪಿನಲ್ಲಿರುತ್ತಾಳೆ. ಆ ಕಂತಿಗೇ ಹದಿನೆಂಟು ವರ್ಷಗಳ ನಂತರ ಈ ಅರ್ಥ ಹಚ್ಚಿದರು. ಅದನ್ನು ಅವಳ ಎದುರಿಗಾದರೂ ಹೇಳಿದರೇ? ಇಲ್ಲ. ಕಾರಿನಲ್ಲಿ ಕುಳಿತು ಆ ಮುದುಕ ಇನ್ನೊಬ್ಬ ಅಧಿಕಾರಿಗೆ ಹೇಳುತ್ತಾನೆ. ಒಬ್ಬ ಹೆಣ್ಣಿನ ದೇಹಕ್ಕಾದ ಅನ್ಯಾಯ ಅವಳಿಗೇ ತಿಳಿಯದ ರಹಸ್ಯವಾಗಿ, ಪ್ರೇಕ್ಷಕರನ್ನು ಬೆಚ್ಚಿಬೀಳಿಸುವ ಸಾಮಗ್ರಿಯಾಯಿತು. ಸಾಕ್ಷಿ ಕೇಳಲು ಕಲಿಸಿದವಳಿಗೆ ಅವಳ ಕಥೆಗಾರರೇ ಇಂಥ ಗತಿ ತಂದರಲ್ಲ ಎಂದು ನನಗೆ ನಿಜವಾಗಿ ನೋವಾಯಿತು.

"ಅಮ್ಮ, ಅದು ಬರೀ ಕಥೆ" ಎಂದಳು ಮಗಳು. ಹೌದು, ಕಥೆಯೇ. ಆದರೆ ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ನಾನು ಕೆಲಸಕ್ಕೆ ಸೇರಿ ಐದಾರು ವರ್ಷಗಳಾಗಿದ್ದಿರಬೇಕು. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದುನಿಂತು, "ಮೇಡಂ, ತಣ್ಣಗಾದರೆ ವಸ್ತುಗಳು ಕುಗ್ಗುತ್ತವೆ ಅಂದಿರಿ. ನೀರು ಮಂಜುಗಡ್ಡೆಯಾದರೆ ಮಾತ್ರ ಏಕೆ ಹಿಗ್ಗುತ್ತದೆ?" ಎಂದಳು. ಗಡ್ಡೆಯಾಗುವಾಗ ನೀರಿನ ಅಣುಗಳು ನಡುವೆ ಜಾಗ ಬಿಟ್ಟು ಜೋಡಣೆಗೊಳ್ಳುತ್ತವೆ, ಅದಕ್ಕೇ ಹಿಗ್ಗುತ್ತದೆ ಎಂದು ಇಂದು ಎರಡು ವಾಕ್ಯಗಳಲ್ಲಿ ಹೇಳಬಲ್ಲೆ. ಅಂದು ಸ್ಪಷ್ಟವಾಗಿ ತಿಳಿದಿರಲಿಲ್ಲ. "ಮುಂದಿನ ವಾರ ಹೇಳುತ್ತೇನೆ" ಎಂದೆ, ಓದಿಕೊಳ್ಳಲಿಲ್ಲ, ಮರೆತೆ. ಮುಂದಿನ ವಾರ ಅವಳು ಮತ್ತೆ ಎದ್ದಳು. ಸಿಕ್ಕಿಬಿದ್ದ ನಾನು, "ನಾನೆಲ್ಲಿ ಹಾಗೆ ಹೇಳಿದೆ? ನಿನಗೆ ಕನಸು ಬಿದ್ದಿರಬೇಕು" ಎಂದುಬಿಟ್ಟೆ. ತರಗತಿಯೆಲ್ಲ ನಕ್ಕಿತು. ಆ ಹುಡುಗಿ ಕುಳಿತಳು. ಆ ವರ್ಷವಿಡೀ ಮತ್ತೊಂದು ಪ್ರಶ್ನೆ ಕೇಳಲಿಲ್ಲ. 'ಗೊತ್ತಿಲ್ಲಮ್ಮ, ಇಬ್ಬರೂ ಸೇರಿ ಹುಡುಕೋಣ' ಎಂದಿದ್ದರೆ ನನ್ನ ಮರ್ಯಾದೆಯೇನೂ ಹೋಗುತ್ತಿರಲಿಲ್ಲ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ಕಾರ್ಟರರ ತಪ್ಪೂ ಇದೇ ಎಂಬುದು ನನ್ನ ಅಭಿಪ್ರಾಯ. ಇನ್ನೂರಕ್ಕೂ ಹೆಚ್ಚು ಕಂತುಗಳ ಒಗಟಿಗೆ ಅವರ ಬಳಿ ಉತ್ತರವಿರದಿದ್ದರೆ ಅದು ಕ್ಷಮಿಸತಕ್ಕ ವಿಷಯ. ಮುಂದೆ ಸರಣಿ ಉಂಟೋ ಇಲ್ಲವೋ ತಿಳಿಯದೆ ಕಥೆ ಹೆಣೆಯುವುದು ಸುಲಭವಲ್ಲ. ಕಥೆಯಲ್ಲಿ ಕನಸು ಬರಬಾರದೆಂದೂ ನಾನು ಹೇಳಲಾರೆ. ಆದರೆ ಉತ್ತರ ತಿಳಿಯದಾಗ, ಪ್ರಶ್ನೆ ಕೇಳಿದವರ ನೆನಪನ್ನೇ ಸುಳ್ಳು ಮಾಡುವುದು ಅಕ್ಷಮ್ಯ. 'ಸತ್ಯ ಹೊರಗಿದೆ, ಹುಡುಕಿ' ಎಂದು ವರ್ಷಗಟ್ಟಲೆ ಹೇಳಿದವರು ಹೀಗೆ ಮಾಡಬಾರದಿತ್ತು. ಅದೇ ಕಂತಿನ ಆರಂಭದಲ್ಲಿ ಚಂದ್ರನ ಮೇಲೆ ಮನುಷ್ಯ ಇಳಿದದ್ದನ್ನೂ ಸ್ಟುಡಿಯೋದ ನಾಟಕವೆಂಬಂತೆ ತೋರಿಸುತ್ತಾರೆ. ಅಪೊಲೊ ಯಾತ್ರೆಗಳು ತಂದ 382 ಕಿಲೋ ಕಲ್ಲು ಮಣ್ಣು ನಮ್ಮ ಕೈಯಲ್ಲಿರುವಾಗ, ಹಳೆಯ ಸ್ಕಲ್ಲಿಯಾಗಿದ್ದರೆ ಅದಕ್ಕೂ ಸಾಕ್ಷಿ ಕೇಳುತ್ತಿದ್ದಳು!

ನ್ಯಾಯವಾಗಿ ಇದನ್ನೂ ಹೇಳಬೇಕು: ಅದೇ ಸರಣಿಯ ನಾಲ್ಕನೆಯ ಕಂತು ಬಹಳ ಸೊಗಸಾಗಿದೆ. ಡಾರಿನ್ ಮಾರ್ಗನ್ ಬರೆದ ಆ ಕಂತು ನಮ್ಮ ನೆನಪುಗಳು ಎಷ್ಟು ನಂಬಲರ್ಹ ಎಂಬುದನ್ನೇ ನಗುನಗುತ್ತಾ ಪರೀಕ್ಷಿಸುತ್ತದೆ. ಕೊನೆಯಲ್ಲಿ ಸ್ಕಲ್ಲಿ ಬಾಲ್ಯದಲ್ಲಿ ಮೆಚ್ಚಿದ್ದ ಸಿಹಿಯೊಂದನ್ನು ಚಮಚಕ್ಕೆ ತೆಗೆದುಕೊಂಡು, ಬಾಯಿಗಿಡದೆ ಹಾಗೆಯೇ ಇಳಿಸುತ್ತಾಳೆ. ಅದು ಅಂದು ಇದ್ದಂತೆಯೇ ನೆನಪಿನಲ್ಲಿ ಉಳಿಯಲಿ ಎಂಬುದು ಅವಳ ಆಸೆ. ಅದನ್ನು ನೋಡಿ ನಾನೂ ಲ್ಯಾಪ್‌ಟಾಪ್ ಮುಚ್ಚಲು ಹೇಳಿದೆ. ಉಳಿದ ಕಂತುಗಳು ನನಗೆ ಬೇಡ.

ನೀರಿನ ಪ್ರಶ್ನೆ ಕೇಳಿದ ಹುಡುಗಿ ಈಗ ಎಲ್ಲಿದ್ದಾಳೋ ತಿಳಿಯದು. ಅವಳ ತರಗತಿಯವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಅವಳಿಗೆ ತಿಳಿಸಿ: ಅದು ಕನಸಲ್ಲ ತಾಯಿ, ನೀನು ಕೇಳಿದ್ದು ನಿಜ, ನಾನು ಹೇಳುತ್ತೇನೆಂದದ್ದೂ ನಿಜ.