ಲೆಕ್ಕದ ಎರಡನೆಯ ಪ್ರತಿ ಎಲ್ಲಿದೆ?

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಅಕ್ಷಪಟಲ’ವೆಂಬ ಲೆಕ್ಕಪತ್ರದ ಕಚೇರಿಯನ್ನು ಕುರಿತು ಒಂದು ಅಧ್ಯಾಯವೇ ಇದೆ. ಲೆಕ್ಕಗಳನ್ನೆಲ್ಲ ಆಷಾಢಮಾಸದಲ್ಲಿ ತಂದೊಪ್ಪಿಸತಕ್ಕದ್ದೆಂದು ಅಲ್ಲಿ ವಿಧಿಸಲಾಗಿದೆ. ದಕ್ಷಿಣ ಕೊಡಗಿನ ಬಾಳೆಲೆಯಲ್ಲಿ ವಾಸಿಸುವ ನನ್ನಂಥವನಿಗೆ ಇದನ್ನು ಓದಿದಾಗ ತುಸು ನಗು ಬರುತ್ತದೆ. ಆಷಾಢದ ಮಳೆಯಲ್ಲಿ ನಮ್ಮೂರಿನ ಯಾವ ಗುಮಾಸ್ತನೂ ಲೆಕ್ಕದ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೊರಗೆ ಹೊರಡುವ ಧೈರ್ಯ ಮಾಡಲಾರನು. ಅದು ಹಾಗಿರಲಿ. ಬಹುಕಾಲ ಹೆಸರು ಮಾತ್ರ ಉಳಿದು ಕಣ್ಮರೆಯಾಗಿದ್ದ ಆ ಗ್ರಂಥದ ತಾಳೆಗರಿಯ ಪ್ರತಿಯೊಂದು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆಯಿತು, 1909ರಲ್ಲಿ ಅದು ಅಚ್ಚಾಯಿತು. ಯಾರೋ ಎಂದೋ ಎಲ್ಲಿಯೋ ಕುಳಿತು ಒಂದು ಪ್ರತಿಯನ್ನು ಬರೆದಿಟ್ಟಿದ್ದರಿಂದ ಲೆಕ್ಕವಿಡುವ ಬಗೆಯನ್ನು ಬೋಧಿಸಿದ ಆ ಪುಸ್ತಕ ತಾನೇ ಲೆಕ್ಕಕ್ಕೆ ಸಿಗದೆ ಹೋಗುವುದು ತಪ್ಪಿತು.

ಇಂದು ಲೆಕ್ಕಗಳು ತಾಳೆಗರಿಯಲ್ಲಿಯೂ ಇಲ್ಲ, ಕೆಂಪು ಬಟ್ಟೆಯ ರಟ್ಟಿನ ಕಿರ್ದಿ ಪುಸ್ತಕದಲ್ಲಿಯೂ ಬಹುಮಟ್ಟಿಗೆ ಇಲ್ಲ. ಗೊಬ್ಬರದ ಅಂಗಡಿ, ದಿನಸಿ ಅಂಗಡಿ, ಕಾಫಿ ಕರಿಮೆಣಸುಗಳನ್ನು ಕೊಳ್ಳುವ ಮಂಡಿ, ಎಲ್ಲೆಲ್ಲಿಯೂ ಕಂಪ್ಯೂಟರು ಕುಳಿತಿದೆ. ಈ ವಿಷಯದಲ್ಲಿ ಕರ್ನಾಟಕದ ಪಾಲು ದೊಡ್ಡದು. 1986ರಲ್ಲಿ ಬೆಂಗಳೂರಿನ ಶ್ಯಾಮ್ ಸುಂದರ್ ಗೋಯೆಂಕಾ ಎಂಬ ಉದ್ಯಮಿಗಳು ತಮ್ಮ ವ್ಯವಹಾರಕ್ಕೆ ಒಪ್ಪುವ ಲೆಕ್ಕದ ತಂತ್ರಾಂಶ ದೊರೆಯದುದರಿಂದ ತಮ್ಮ ಮಗ ಭರತ್ ಗೋಯೆಂಕಾ ಅವರಿಗೆ ಅದನ್ನು ರಚಿಸಲು ಹೇಳಿದರು. ಅದೇ ಮುಂದೆ ‘ಟ್ಯಾಲಿ’ ಎಂಬ ಹೆಸರಿನಿಂದ ದೇಶವನ್ನೆಲ್ಲ ವ್ಯಾಪಿಸಿತು. 2017ರ ಜುಲೈ 1ರಿಂದ ಜಿ.ಎಸ್.ಟಿ. ಜಾರಿಗೆ ಬಂದ ಮೇಲಂತೂ ಕಂಪ್ಯೂಟರಿಲ್ಲದೆ ಲೆಕ್ಕವೊಪ್ಪಿಸುವುದು ನೋಂದಣಿಯಾದ ವ್ಯಾಪಾರಿಗೆ ಕಷ್ಟವೇ ಸರಿ. ವಾರ್ಷಿಕ ವಿವರಪತ್ರವನ್ನು ಸಲ್ಲಿಸಬೇಕಾದ ಕಡೆಯ ದಿನದಿಂದ 72 ತಿಂಗಳುಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡಿಕೊಳ್ಳಬೇಕೆಂದು ಆ ಕಾನೂನು ಹೇಳುತ್ತದೆ. ಆರು ವರ್ಷಗಳು! ನಮ್ಮೂರಿನ ಮಳೆ, ಸಿಡಿಲು, ಶೀತಗಳಲ್ಲಿ ಒಂದು ಕಂಪ್ಯೂಟರು ಆರು ವರ್ಷ ನಿರಾಯಾಸವಾಗಿ ಬಾಳಿದರೆ ಅದನ್ನು ಪುಣ್ಯವೆಂದೇ ಹೇಳಬೇಕು.

ಭೌತಶಾಸ್ತ್ರದ ಅಧ್ಯಾಪಕನಿಗೆ ಈ ವ್ಯಾಪಾರದ ಉಸಾಬರಿ ಏಕೆ ಎಂದು ವಾಚಕರು ಕೇಳಬಹುದು. ಕಾರಣವನ್ನು ಹೇಳುತ್ತೇನೆ.

2022ರ ಏಪ್ರಿಲ್ ತಿಂಗಳಿನಲ್ಲಿ ನಮ್ಮ ಸುತ್ತಿನ ಒಂದು ಊರಿನ ವ್ಯಾಪಾರಿಯೊಬ್ಬರ ಅಂಗಡಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ನನ್ನನ್ನು ಕರೆದುಕೊಂಡು ಹೋದನು. ಹಿಂದಿನ ಸಂಜೆ ಗುಡುಗು ಮಳೆಯಾಗಿತ್ತು. ಸಿಡಿಲು ಕಟ್ಟಡಕ್ಕೆ ಬಡಿದಿರಲಿಲ್ಲ. ಹತ್ತಿರದಲ್ಲೆಲ್ಲೋ ಬಡಿದಿತ್ತು, ಅಷ್ಟೆ. ಕಂಪ್ಯೂಟರು ಮಾತ್ರ ಸತ್ತುಹೋಗಿತ್ತು. ಆ ವ್ಯಾಪಾರಿಗಳ ಬಳಿ ಸಣ್ಣ ಬೆಳೆಗಾರರು ಕಾಫಿಯ ಚೀಲಗಳನ್ನು ಬಿಟ್ಟು, ಅಗತ್ಯವಿದ್ದಷ್ಟು ಮುಂಗಡ ಹಣವನ್ನು ಪಡೆದು, ಬೆಲೆ ಏರಿದಾಗ ಲೆಕ್ಕ ತೀರಿಸಿಕೊಳ್ಳುವುದು ರೂಢಿ. ಯಾರ ಚೀಲವೆಷ್ಟು, ಔಟ್ ಟರ್ನ್ ಎಷ್ಟು, ಮುಂಗಡವೆಷ್ಟು ಎಂಬುದೆಲ್ಲ ಆ ಯಂತ್ರದೊಳಗಿತ್ತು.

“ಬ್ಯಾಕಪ್ ಇದೆ ಸಾರ್, ಭಯವಿಲ್ಲ. ಡಿ ಡ್ರೈವಿನಲ್ಲಿ ದಿನಾ ಹಾಕಿಡುತ್ತೇವೆ” ಎಂದರು ವ್ಯಾಪಾರಿಗಳು.

ಡಿ ಡ್ರೈವೆಂಬುದು ಬೇರೆ ಡಿಸ್ಕಲ್ಲ. ಒಂದೇ ಡಿಸ್ಕಿನಲ್ಲಿ ಎಳೆದ ಗೆರೆ. ಒಂದೇ ಪೆಟ್ಟಿಗೆಯ ಎರಡು ಖಾನೆಗಳಲ್ಲಿ ಹಣವಿಟ್ಟು, ಕಳ್ಳನು ಪೆಟ್ಟಿಗೆಯನ್ನೇ ಹೊತ್ತೊಯ್ದರೆ ಎರಡನೆಯ ಖಾನೆಯದು ಉಳಿಯುವುದೆಂದು ನಂಬಿದಂತೆ ಇದು. ಅವರಲ್ಲಿ ಪೆನ್‌ಡ್ರೈವ್ ಇರಲಿಲ್ಲವೆ? ಎರಡಿದ್ದವು. ಒಂದನ್ನು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿಯೇ ಇಟ್ಟಿದ್ದರು. ಅದೂ ಜೊತೆಗೇ ಹೋಗಿತ್ತು. ಇನ್ನೊಂದು ಮನೆಯಲ್ಲಿ ಕ್ಷೇಮವಾಗಿತ್ತು, ಆದರೆ ಅದರಲ್ಲಿದ್ದುದು ಹಿಂದಿನ ನವೆಂಬರಿನ ಲೆಕ್ಕ. ಡಿಸೆಂಬರಿನಿಂದ ಮಾರ್ಚಿಯವರೆಗೆ, ಅಂದರೆ ಕೊಯ್ಲಿನ ಕಾಲ ಪೂರ್ತಿ, ಅದಕ್ಕೆ ಪ್ರತಿ ಮಾಡಿರಲಿಲ್ಲ. ಏಕೆಂದು ಕೇಳಿದೆ. ತಂತ್ರಾಂಶ ಬಹಳ ನಿಧಾನವಾಗಿಬಿಟ್ಟಿತ್ತಂತೆ. ಪೆನ್‌ಡ್ರೈವಿಗೆ ಪ್ರತಿ ತೆಗೆಯಲು ಅರ್ಧಗಂಟೆ ಹಿಡಿಯುತ್ತಿತ್ತಂತೆ. ರಾತ್ರಿ ಎಂಟರ ಮೇಲೆ ಗುಮಾಸ್ತನು ಬಸ್ಸನ್ನು ಬಿಟ್ಟು ಅದಕ್ಕಾಗಿ ಕಾಯಲು ಒಪ್ಪಲಿಲ್ಲವಂತೆ.

ಈ ಒಂದು ಮಾತು ನನಗೆ ಹೊಸದಾಗಿ ಹೊಳೆಯಿತು. ತಂತ್ರಾಂಶದ ವೇಗ ಒಂದು ಪ್ರಶ್ನೆ, ಲೆಕ್ಕದ ರಕ್ಷಣೆ ಇನ್ನೊಂದು ಪ್ರಶ್ನೆ ಎಂದು ನಾವು ಬೇರೆಬೇರೆಯಾಗಿ ಎಣಿಸುತ್ತೇವೆ. ನಿಧಾನವಾದ ಯಂತ್ರದಲ್ಲಿ ಪ್ರತಿ ತೆಗೆಯುವ ಕೆಲಸವನ್ನು ಮನುಷ್ಯನು ಇಂದಲ್ಲ ನಾಳೆ ಬಿಟ್ಟೇಬಿಡುತ್ತಾನೆ. ಆದುದರಿಂದ ಇವೆರಡೂ ಒಂದೇ ಪ್ರಶ್ನೆ.

ಮೊದಲು ನಿಧಾನದ ಕಾರಣವನ್ನು ನೋಡೋಣ. ಆ ಅಂಗಡಿಯಲ್ಲಿ ಒಂಬತ್ತು ವರ್ಷಗಳ ಲೆಕ್ಕವನ್ನು ಒಂದೇ ಕಡತದಲ್ಲಿ ಎಳೆದುಕೊಂಡು ಬಂದಿದ್ದರು. ಯಂತ್ರದಲ್ಲಿದ್ದುದು ತಿರುಗುವ ಹಾರ್ಡ್ ಡಿಸ್ಕು, ನಿಮಿಷಕ್ಕೆ 5400 ಸುತ್ತಿನದು. ಸೆಕೆಂಡಿಗೆ 90 ಸುತ್ತಾದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಬರಹ ಓದುಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಮುಳ್ಳು ಪಥದಿಂದ ಪಥಕ್ಕೆ ಸರಿಯಲು ಇನ್ನೂ ಹತ್ತು ಮಿಲಿಸೆಕೆಂಡೆನ್ನಿ. ಒಟ್ಟು 15 ಆಯಿತು. ಚದುರಿ ಬಿದ್ದಿರುವ ಹತ್ತು ಸಾವಿರ ನಮೂದುಗಳನ್ನು ಹೀಗೆ ಒಂದೊಂದಾಗಿ ಹುಡುಕಿ ತರಬೇಕಾದರೆ 150 ಸೆಕೆಂಡು, ಎಂದರೆ ಎರಡೂವರೆ ನಿಮಿಷ! ತಿರುಗುವ ಭಾಗಗಳೇ ಇಲ್ಲದ ಎಸ್.ಎಸ್.ಡಿ.ಯಲ್ಲಿ ಒಂದು ನಮೂದಿಗೆ 0.1 ಮಿಲಿಸೆಕೆಂಡಿನಷ್ಟು ಸಾಕು. ಅದೇ ಕೆಲಸ ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ. ಹೊಸ ಕಂಪ್ಯೂಟರನ್ನೇ ಕೊಳ್ಳಬೇಕೆಂದು ವ್ಯಾಪಾರಿಗಳು ಹಣ ಕೂಡಿಸುತ್ತಿದ್ದರು. ಕಾಲ ವ್ಯಯವಾಗುತ್ತಿದ್ದುದು ಲೆಕ್ಕ ಮಾಡುವುದರಲ್ಲಲ್ಲ, ಲೆಕ್ಕವನ್ನು ಹುಡುಕುವುದರಲ್ಲಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಡಿಸ್ಕನ್ನು ಬದಲಿಸಿ, ಆರ್ಥಿಕ ವರ್ಷಕ್ಕೊಂದರಂತೆ ಹಳೆಯ ಲೆಕ್ಕವನ್ನು ಬೇರ್ಪಡಿಸಿದ್ದರೆ ಅಲ್ಪ ಖರ್ಚಿನಲ್ಲಿಯೇ ಕೆಲಸ ಆಗುತ್ತಿತ್ತು. ಹಾಗೆ ಬೇರ್ಪಡಿಸುವ ಸೌಕರ್ಯ ಬಳಕೆಯಲ್ಲಿರುವ ಲೆಕ್ಕದ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ಇರುತ್ತದೆ.

ಇನ್ನು ಸಿಡಿಲಿನ ಮಾತು. ಯು.ಪಿ.ಎಸ್. ಇದ್ದೂ ಯಂತ್ರ ಸುಟ್ಟಿತೇಕೆ ಎಂದು ವ್ಯಾಪಾರಿಗಳಿಗೆ ಬಹಳ ಆಶ್ಚರ್ಯವಾಗಿತ್ತು. ಸಾಧಾರಣ ಸಿಡಿಲಿನಲ್ಲಿ ಸುಮಾರು 30,000 ಆಂಪಿಯರ್ ವಿದ್ಯುತ್ತು ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಏರುತ್ತದೆ. ಒಂದು ಮೀಟರ್ ನೇರ ತಂತಿಯ ಪ್ರೇರಕತ್ವ ಸುಮಾರು ಒಂದು ಮೈಕ್ರೋಹೆನ್ರಿ. ಏರಿಕೆ ಮೈಕ್ರೋಸೆಕೆಂಡಿಗೆ 10,000 ಆಂಪಿಯರ್ ಆದರೆ ತಂತಿಯ ಪ್ರತಿ ಮೀಟರಿಗೆ 10,000 ವೋಲ್ಟು ಹುಟ್ಟುತ್ತದೆಂದು ಪಿ.ಯು.ಸಿ. ವಿದ್ಯಾರ್ಥಿಯೂ ಲೆಕ್ಕ ಹಾಕಬಲ್ಲನು. ಅದರ ಹತ್ತನೆಯ ಒಂದು ಪಾಲು ಮಾತ್ರ ನಮ್ಮ ಮನೆಯ ತಂತಿಗೆ ಬಂದರೂ ಮೀಟರಿಗೆ ಸಾವಿರ ವೋಲ್ಟು! ಬೆಳಕು ಹೋದಾಗ ಹತ್ತು ನಿಮಿಷ ಆಸರೆಯಾಗಲೆಂದು ಮಾಡಿದ ಯು.ಪಿ.ಎಸ್. ಇದನ್ನು ತಡೆಯುವುದೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಪ್ಲಗ್ಗನ್ನೂ ಇಂಟರ್ನೆಟ್ಟಿನ ತಂತಿಯನ್ನೂ ಮೊದಲೇ ಕಿತ್ತಿಡುವುದೇ ಲೇಸು. ಹಾಗೆಯೇ, ಯಂತ್ರಕ್ಕೆ ಸಿಕ್ಕಿಸಿಟ್ಟ ಪೆನ್‌ಡ್ರೈವು ಸಿಡಿಲಿನ ದೃಷ್ಟಿಯಲ್ಲಿ ಆ ಯಂತ್ರದ ಒಂದು ಅಂಗವೇ.

ನನ್ನ ವಾದದ ತಿರುಳು ಇಲ್ಲಿದೆ. ಒಂದು ಡಿಸ್ಕು ವರ್ಷದಲ್ಲಿ ಕೆಡುವ ಸಂಭವ 20ರಲ್ಲಿ 1 ಎಂದು ಇಟ್ಟುಕೊಳ್ಳೋಣ. ಎರಡು ಡಿಸ್ಕುಗಳಲ್ಲಿ ಪ್ರತಿಗಳಿದ್ದರೆ ಎರಡೂ ಕೆಡುವ ಸಂಭವ 400ರಲ್ಲಿ 1. ಮೂರಿದ್ದರೆ 8000ದಲ್ಲಿ 1. ಕೇಳಲು ಹಿತವಾಗಿದೆ. ಆದರೆ ಹೀಗೆ ಗುಣಿಸುವ ಹಕ್ಕು ನಮಗೆ ಬರುವುದು ಆ ಘಟನೆಗಳು ಪರಸ್ಪರ ಸ್ವತಂತ್ರವಾಗಿದ್ದಾಗ ಮಾತ್ರ. ಮೂರು ಡಿಸ್ಕುಗಳೂ ಒಂದೇ ಮೇಜಿನ ಮೇಲಿದ್ದು, ಆ ಮೇಜಿಗೆ ಸಿಡಿಲೋ ಬೆಂಕಿಯೋ ನೀರೋ ತಗಲುವ ಸಂಭವ 50ರಲ್ಲಿ 1 ಇದ್ದರೆ, ಮೂರಲ್ಲ, ಮೂವತ್ತು ಪ್ರತಿಗಳಿದ್ದರೂ ಅಪಾಯ 50ರಲ್ಲಿ 1ಕ್ಕಿಂತ ಕೆಳಗಿಳಿಯದು. ಪ್ರತಿಗಳ ಸಂಖ್ಯೆಯನ್ನು ಕೇಳಬೇಡಿ. ಒಂದನ್ನು ಕೆಡಿಸುವ ಕಾರಣ ಇನ್ನೊಂದನ್ನು ಮುಟ್ಟಬಲ್ಲುದೆ ಎಂದು ಕೇಳಿರಿ. 2019ರ ಆಗಸ್ಟಿನಲ್ಲಿ ಲಕ್ಷ್ಮಣತೀರ್ಥ ಉಕ್ಕಿದಾಗ ನೀರು ಕಂಪ್ಯೂಟರನ್ನೂ ಪಕ್ಕದ ಕಪಾಟಿನ ಪೆನ್‌ಡ್ರೈವನ್ನೂ ಬೇರೆಬೇರೆಯಾಗಿ ಎಣಿಸುತ್ತಿರಲಿಲ್ಲ.

ಇದು ಹಳ್ಳಿಯ ಅಂಗಡಿಗಳ ಅಜ್ಞಾನವೆಂದು ಯಾರೂ ಮೂಗು ಮುರಿಯಬೇಕಾಗಿಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಎಂಬ ದೊಡ್ಡ ಕಂಪೆನಿಯ ದತ್ತಾಂಶ ಕೇಂದ್ರದ ಕಟ್ಟಡವೊಂದು ಬೆಂಕಿಗೆ ಆಹುತಿಯಾಯಿತು. ಮೂಲವನ್ನೂ ಪ್ರತಿಯನ್ನೂ ಅದೇ ಆವರಣದಲ್ಲಿ ಇರಿಸಿದ್ದ ಗಿರಾಕಿಗಳು ಎರಡನ್ನೂ ಕಳೆದುಕೊಂಡರು. ‘ಕ್ಲೌಡ್’ ಎಂಬ ಹೆಸರು ಕೇಳಿ ನಾವು ಆಕಾಶವನ್ನು ನೋಡುತ್ತೇವೆ. ಅದೂ ನೆಲದ ಮೇಲಿನ ಒಂದು ಕಟ್ಟಡವೇ ಆಗಿದೆ.

ಅಂತರ್ಜಾಲದ ಮೂಲಕ ದೂರದಲ್ಲಿ ಪ್ರತಿಯಿಡುವುದನ್ನು ನಾನು ವಿರೋಧಿಸುತ್ತಿಲ್ಲ. ಕಂಪೆನಿಗಳ ಮಟ್ಟಿಗೆ, ಲೆಕ್ಕದ ಪ್ರತಿಯನ್ನು ಭಾರತದೊಳಗಿನ ಸರ್ವರಿನಲ್ಲಿ ದಿನವೂ ಇರಿಸತಕ್ಕದ್ದೆಂದು 2022ರ ಆಗಸ್ಟಿನಲ್ಲಿ ನಿಯಮವೇ ಆಯಿತು; ಸಣ್ಣ ಅಂಗಡಿಗೆ ಆ ಕಟ್ಟಳೆಯಿಲ್ಲ, ಅಗತ್ಯವಂತೂ ಇದೆ. ನೂರು ಮೆಗಾಬೈಟಿನ ಲೆಕ್ಕವನ್ನು ಸೆಕೆಂಡಿಗೆ 4 ಮೆಗಾಬಿಟ್ಟಿನ ಸಂಪರ್ಕದಲ್ಲಿ ಕಳುಹಿಸಲು 200 ಸೆಕೆಂಡು ಸಾಕು. ಬದಲಾದ ಭಾಗವನ್ನಷ್ಟೇ ಕಳುಹಿಸಿದರೆ ಇನ್ನೂ ಕಡಮೆ. ಆದರೆ ಒಂದು ಎಚ್ಚರಿಕೆ. ಎರಡು ಕಡೆಯ ಕಡತಗಳನ್ನು ಸದಾ ಒಂದೇ ಸಮನಾಗಿರಿಸುವ ಏರ್ಪಾಡು ಕನ್ನಡಿಯಿದ್ದಂತೆ; ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. 2017ರ ಮೇ 12ರಂದು ಜಗತ್ತಿನಾದ್ಯಂತ ಹರಡಿದ ‘ವಾನ್ನಾಕ್ರೈ’ಯಂಥ ಸುಲಿಗೆಯ ತಂತ್ರಾಂಶ ಕಡತಗಳಿಗೆ ಬೀಗ ಹಾಕಿದರೆ, ಕನ್ನಡಿಯೊಳಗಿನ ಕಡತಕ್ಕೂ ಬೀಗ ಬೀಳುವ ಭಯವಿದೆ. ನಿನ್ನೆಯದು, ಕಳೆದ ವಾರದ್ದು, ಕಳೆದ ತಿಂಗಳದು ಎಂದು ತಾರೀಖು ಹಾಕಿದ ಬೇರೆಬೇರೆ ಪ್ರತಿಗಳು ಇರಬೇಕು. ಒಂದಾದರೂ ತಂತಿಯ ಸಂಪರ್ಕವೇ ಇಲ್ಲದೆ ಬೇರೆ ಮನೆಯ ಕಪಾಟಿನಲ್ಲಿರಬೇಕು.

ಪ್ರತಿಯಿದ್ದರೆ ಸಾಲದು, ತೆರೆಯಬೇಕು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಸಂಸ್ಥೆಯಲ್ಲಿ ಎಂಜಿನಿಯರೊಬ್ಬರು ಕಣ್ತಪ್ಪಿನಿಂದ ಮುಖ್ಯ ದತ್ತಾಂಶವನ್ನು ಅಳಿಸಿದರು. ಪ್ರತಿ ತೆಗೆಯಲು ಐದು ಏರ್ಪಾಡುಗಳಿದ್ದವು; ಒಂದೂ ನಂಬುವಂತೆ ಕೆಲಸ ಮಾಡುತ್ತಿರಲಿಲ್ಲವೆಂದು ಆಗ ಗೊತ್ತಾಯಿತು. ಯಾರೋ ಅದೃಷ್ಟವಶಾತ್ ಆರು ಗಂಟೆ ಮೊದಲು ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಪ್ರಯೋಗಶಾಲೆಯಲ್ಲಿ ತಾಳೆ ನೋಡದ ಉಪಕರಣದ ಅಳತೆಯನ್ನು ನಾವು ಒಪ್ಪುವುದಿಲ್ಲ. ತೆರೆದು ನೋಡದ ಪ್ರತಿಯನ್ನು ಮಾತ್ರ ಏಕೆ ಒಪ್ಪಬೇಕು?

ಕಾಗದದ ಪುಸ್ತಕವೇ ಮೇಲಾಗಿತ್ತು ಎನ್ನುವ ಹಿರಿಯರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಗೆದ್ದಲು, ಬೂಷ್ಟುಗಳಿಗೆ ಅಂಜುವ ಆ ಪುಸ್ತಕವೂ ಒಂದೇ ಪ್ರತಿ. ಲೂಕಾ ಪಚೋಲಿ 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚು ಹಾಕಿಸಿ ವಿವರಿಸಿದ ಜೋಡಿ ನಮೂದಿನ ಪದ್ಧತಿ ತಪ್ಪನ್ನು ಹಿಡಿದುಕೊಡುತ್ತದೆಯೇ ಹೊರತು ನಷ್ಟವನ್ನು ತುಂಬಿಕೊಡುವುದಿಲ್ಲ. ಕಾಗದಕ್ಕೆ ಸಿಡಿಲಿನ ಭಯವಿಲ್ಲವೆಂಬುದು ಮಾತ್ರ ನಿಜ. ಆದಕಾರಣ ತಿಂಗಳ ಕೊನೆಯಲ್ಲಿ ಪ್ರತಿಯೊಬ್ಬರ ಬಾಕಿಯ ಪಟ್ಟಿಯನ್ನು ಮುದ್ರಿಸಿಡುವುದನ್ನು ಹಳೆಯ ಕಾಲದ ಪದ್ಧತಿಯೆಂದು ನಾನು ಹಳಿಯಲಾರೆ.

ಆ ಅಂಗಡಿಯ ಲೆಕ್ಕ ಕೊನೆಗೆ ಹೇಗೆ ಸಿಕ್ಕಿತೆಂದರೆ, ಬೆಳೆಗಾರರ ಮನೆಗಳಿಂದ. ನನ್ನ ವಿದ್ಯಾರ್ಥಿಯೂ ಗುಮಾಸ್ತನೂ ಬೈಕಿನಲ್ಲಿ ಮನೆಮನೆಗೆ ಹೋದರು. ಬಿಸ್ಕತ್ತಿನ ಡಬ್ಬಿಗಳಿಂದ, ದೇವರ ಪಟದ ಹಿಂದಿನಿಂದ, ಹಳೆಯ ಕ್ಯಾಲೆಂಡರಿನ ಮಡಿಕೆಯಿಂದ ತೂಕದ ಚೀಟಿಗಳು ಹೊರಬಂದವು. ಯಾರೂ ಯೋಜಿಸದೆಯೇ ನೂರಾರು ಸ್ವತಂತ್ರ ಪ್ರತಿಗಳು ನೂರಾರು ಮಾಡುಗಳ ಕೆಳಗೆ ಕುಳಿತಿದ್ದವು. ಹತ್ತು ದಿನಗಳಲ್ಲಿ ಬಹುಪಾಲು ಲೆಕ್ಕ ಮರಳಿ ಕೂಡಿತು. ಚೀಟಿ ಪಡೆಯದೆ ಬಾಯಿಮಾತಿನ ನಂಬಿಕೆಯ ಮೇಲೆ ಚೀಲ ಬಿಟ್ಟು ಹೋದವರ ಲೆಕ್ಕ ಮಾತ್ರ ಕೂಡಲಿಲ್ಲ. ಅವರಲ್ಲಿ ಒಬ್ಬ ಮುದುಕಿ ತನ್ನದು ಹನ್ನೊಂದು ಚೀಲವೆಂದಳು; ಗುಮಾಸ್ತನಿಗೆ ಏಳೆಂಬ ನೆನಪು. ವ್ಯಾಪಾರಿಗಳು ಒಂಬತ್ತಕ್ಕೆ ಹಣ ಕೊಟ್ಟರು. ಅದು ಯಾರಿಗೂ ನ್ಯಾಯವೆನಿಸಲಿಲ್ಲ; ಆಕೆ ಈಗ ತನ್ನ ಕಾಫಿಯನ್ನು ಬೇರೆ ಕಡೆ ಕೊಡುತ್ತಾಳೆ.

ನಮ್ಮ ಕಾಲೇಜುಗಳಲ್ಲಿ ಲೆಕ್ಕದ ತಂತ್ರಾಂಶವನ್ನು ವಾಣಿಜ್ಯದ ವಿದ್ಯಾರ್ಥಿಗಳಿಗೆ ಕಲಿಸುತ್ತಾರೆ. ಸಂಭವನೀಯತೆಯನ್ನು ವಿಜ್ಞಾನದ ವಿದ್ಯಾರ್ಥಿಗಳಿಗೆ ಕಲಿಸುತ್ತಾರೆ. ನಮೂದು ಮಾಡಲು ಬಲ್ಲವರಿಗೆ ಪ್ರತಿಯ ಸ್ವಾತಂತ್ರ್ಯವೆಂದರೇನೆಂದು ಗೊತ್ತಿಲ್ಲ; ಅದನ್ನು ಬಲ್ಲವರು ಅಂಗಡಿಯ ಮೆಟ್ಟಲು ಹತ್ತುವುದಿಲ್ಲ. ಪಿ.ಯು.ಸಿ. ವಾಣಿಜ್ಯದ ಪಾಠದಲ್ಲಿ ಕೆಟ್ಟ ಯಂತ್ರದಿಂದ ಲೆಕ್ಕವನ್ನು ಮರಳಿ ಪಡೆಯುವ ಒಂದು ಪ್ರಯೋಗವನ್ನು ಸೇರಿಸಬೇಕು, ಅದಕ್ಕೆ ಅಂಕಗಳೂ ಇರಬೇಕೆಂಬುದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ವಿದ್ಯಾರ್ಥಿಗಳು ರಜೆಯ ಒಂದು ಮಧ್ಯಾಹ್ನ ತಮ್ಮ ಮನೆಯ ಅಥವಾ ನೆರೆಯ ಅಂಗಡಿಗೆ ಹೋಗಿ, ಕಳೆದ ವಾರದ ಪ್ರತಿಯನ್ನು ಕೇಳಿ ಪಡೆದು, ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಯಾರಾದರೂ ಮೂವರ ಬಾಕಿಯನ್ನು ಅವರ ಚೀಟಿಗಳೊಂದಿಗೆ ತಾಳೆ ನೋಡಬಹುದು. ಮುಂಗಾರು ಹಿಡಿಯುವುದಕ್ಕೆ ಮೊದಲು, ಏಪ್ರಿಲಿನ ಗುಡುಗಿಗೂ ಮೊದಲು ಮಾಡಿದರೆ ಒಳ್ಳೆಯದು.