ನಕಲಲ್ಲ, ಪ್ರತಿ

ಕಳೆದ ತಿಂಗಳು ನಮ್ಮ ವಲಯದ ಓದುಕೂಟ ಖಾರಘರದ ಗೆಳೆಯರೊಬ್ಬರ ಮನೆಯಲ್ಲಿ ನಡೆಯಿತು. ಗೋಡೆಯ ಮೇಲೆ ಹೊಸದೊಂದು ಭಾವಚಿತ್ರವಿತ್ತು. ವೆನಿಸ್ ಗಣರಾಜ್ಯದ ಮುಖ್ಯಸ್ಥನಾಗಿದ್ದ ಲಿಯೊನಾರ್ಡೊ ಲೊರೆಡಾನ್‌ನನ್ನು ಜಿಯೊವಾನಿ ಬೆಲ್ಲಿನಿ ಚಿತ್ರಿಸಿದ ಕೃತಿಯ ತೈಲವರ್ಣ ಪ್ರತಿ ಅದು. ಮೂಲ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಗೆಳೆಯರು ಇದಕ್ಕಾಗಿ ಎಂಟು ತಿಂಗಳ ಭಾನುವಾರಗಳನ್ನು ವ್ಯಯಿಸಿದ್ದರು. ಸದಸ್ಯರೊಬ್ಬರು ನೋಡಿ ಹೇಳಿದರು: "ಚೆನ್ನಾಗಿದೆ, ಆದರೆ ನಕಲು ತಾನೆ? ಕ್ಯಾನ್ವಾಸಿನ ಮೇಲೆ ಪ್ರಿಂಟ್ ಹಾಕಿಸಿದ್ದರೆ ಒಂದೇ ದಿನದ ಕೆಲಸ." ಯಾರೂ ಉತ್ತರಿಸಲಿಲ್ಲ. ನಾವೂ ಸುಮ್ಮನಿದ್ದೆವು. ಆ ಮೌನ ತಪ್ಪೆಂದು ಈಗ ಅನ್ನಿಸುತ್ತಿದೆ.

ಪ್ರಿಂಟ್ ಹಾಕಿಸಿದವನು ಏನನ್ನೂ ನೋಡಬೇಕಾಗಿಲ್ಲ. ಗೆಳೆಯರು ಮರದ ಹಲಗೆಗೆ ಅಂಟು ಮತ್ತು ಸುಣ್ಣದ ಪುಡಿಯ ಲೇಪ ಕೊಟ್ಟು ಉಜ್ಜಿ ನುಣುಪು ಮಾಡಿದರು. ರೇಖಾಚಿತ್ರದ ಗೆರೆಗುಂಟ ಸೂಜಿಯಿಂದ ಚುಚ್ಚಿ, ಇದ್ದಿಲ ಪುಡಿ ತಟ್ಟಿ ಹಲಗೆಗೆ ಇಳಿಸಿದರು. ಮೊದಲು ಮಂಕು ಬಣ್ಣದಲ್ಲಿ ಬೆಳಕು ನೆರಳು. ಆಮೇಲೆ ಅಗಸೆ ಎಣ್ಣೆಯಲ್ಲಿ ಅರೆದ ಬಣ್ಣದ ತೆಳುಪದರಗಳು. ಈ ಎಣ್ಣೆ ನೀರಿನಂತೆ ಆವಿಯಾಗಿ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಕೆಳಗಿನದು ಆರುವ ಮೊದಲೇ ಅವಸರಪಟ್ಟರೆ ಮೇಲಿನದು ಬಿರುಕು ಬಿಡುತ್ತದೆ. ಖಾರಘರದ ಮಳೆಗಾಲ ಅವರನ್ನು ವಾರಗಟ್ಟಲೆ ಕಾಯಿಸಿತು. ಸೀಸದ ಬಿಳಿ ವಿಷವಾದ್ದರಿಂದ ಅದರ ಬದಲು ಟೈಟಾನಿಯಂ ಬಿಳಿ ಬಳಸಿದರು. ಲೊರೆಡಾನ್‌ನ ಬಾಯಿಯ ಎರಡು ತುದಿಗಳಲ್ಲಿ ಒಂದೇ ಭಾವವಿಲ್ಲವೆಂಬುದು ತಮಗೆ ತಿಳಿದದ್ದು ಐದನೆಯ ತಿಂಗಳಿನಲ್ಲಿ ಎಂದು ಅವರು ಹೇಳಿದರು. ಅವರು ಮೂಲವನ್ನು ಕಣ್ಣಾರೆ ಕಂಡವರಲ್ಲ, ಆಧಾರ ಒಂದು ದೊಡ್ಡ ಛಾಯಾಚಿತ್ರ ಮಾತ್ರ. ಆ ಕೊರತೆಯನ್ನು ನಾವು ಒಪ್ಪುತ್ತೇವೆ. ಆದರೆ ಅದೇ ಛಾಯಾಚಿತ್ರವನ್ನು ನಾವೂ ಎಷ್ಟೋ ಸಲ ನೋಡಿದ್ದೆವು; ಆ ಬಾಯಿ ನಮಗೆ ಕಂಡಿರಲಿಲ್ಲ.

ಪ್ರತಿ ಮಾಡುವುದು ಕೀಳಾದರೆ ಇತಿಹಾಸ ಬಡವಾಗುತ್ತಿತ್ತು. ಎಂಟನೆಯ ಹೆನ್ರಿಯನ್ನು ಹಾನ್ಸ್ ಹೋಲ್ಬೈನ್ 1537ರಲ್ಲಿ ಲಂಡನ್ನಿನ ವೈಟ್‌ಹಾಲ್ ಅರಮನೆಯ ಗೋಡೆಯ ಮೇಲೆ ಚಿತ್ರಿಸಿದ. 1698ರ ಬೆಂಕಿಯಲ್ಲಿ ಅದು ನಾಶವಾಯಿತು. ಅದರ ಪೂರ್ಣ ರೂಪ ನಮಗಿಂದು ಗೊತ್ತಿರುವುದು ವಾನ್ ಲೇಂಪುಟ್ 1667ರಲ್ಲಿ ಮಾಡಿದ ಪ್ರತಿಯಿಂದ. ಮ್ಯಾಡ್ರಿಡ್ಡಿನ ಪ್ರಾಡೊ ಸಂಗ್ರಹಾಲಯದ ಮೊನಾಲಿಸಾವನ್ನು ಬಹುಕಾಲ ಬರಿಯ ನಕಲೆಂದು ಕಡೆಗಣಿಸಿದ್ದರು. ಅದು ಲಿಯೊನಾರ್ಡೊನ ಕಾರ್ಯಶಾಲೆಯಲ್ಲಿ, ಮೂಲದ ಜೊತೆಜೊತೆಗೇ ರೂಪುಗೊಂಡದ್ದೆಂದು 2012ರಲ್ಲಿ ತಜ್ಞರು ತೋರಿಸಿದರು. ಮೂಲದಲ್ಲಿ ಮಾಸಿಹೋದ ಹುಬ್ಬುಗಳು ಅದರಲ್ಲಿ ಇನ್ನೂ ಉಳಿದಿವೆ.

ಕನ್ನಡಿಗರಾದ ನಮಗಂತೂ ಈ ತಾತ್ಸಾರ ಸಲ್ಲದು. ಪೊನ್ನನ ಶಾಂತಿಪುರಾಣವನ್ನು ಅತ್ತಿಮಬ್ಬೆ ಸಾವಿರ ಪ್ರತಿ ಮಾಡಿಸಿದಳೆಂದು ನಾವೇ ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆ ಸಾವಿರ ಓಲೆಕಟ್ಟುಗಳನ್ನು ಕಂಠದಿಂದ ಕೊರೆದವರನ್ನು ನಕಲುಗಾರರೆಂದು ಯಾರಾದರೂ ಹಳಿದಾರೆಯೆ?

ಮೋಸದ ನಕಲೂ ಇದೆ, ನಿಜ. ಸರ್ಕಾರಿ ಕಚೇರಿಯಲ್ಲಿ ಕುಳಿತು ಮೂಲದೊಡನೆ ತಾಳೆ ನೋಡಿ ಸಹಿ ಹಾಕುವ ನಮಗೆ ಅದು ಗೊತ್ತು. ತಾನೇ ಮೂಲವೆಂದು ಸಾಧಿಸುವುದು ಮೋಸ. ಗೆಳೆಯರ ಹಲಗೆಯ ಹಿಂಬದಿಯಲ್ಲಿ ಬೆಲ್ಲಿನಿಯ ಹೆಸರಿದೆ, ಕೆಳಗೆ ಅವರದೂ ಇದೆ, ಇಸವಿಯೂ ಇದೆ. ಇದಕ್ಕಿಂತ ಪ್ರಾಮಾಣಿಕವಾದ ದೃಢೀಕರಣವನ್ನು ನಾವು ಕಚೇರಿಯಲ್ಲಿ ಕಂಡಿಲ್ಲ.

ಸ್ವಂತಿಕೆಯ ಮಾತು ನಮ್ಮ ಕೂಟಗಳಲ್ಲಿ ಹೆಚ್ಚಾಗಿದೆ, ತಿದ್ದುವ ಅಭ್ಯಾಸ ಕಡಿಮೆಯಾಗಿದೆ. ಹಿಂದಿ ಮರಾಠಿಗಳ ನಡುವೆ ಬೆಳೆಯುವ ನಮ್ಮ ಮಕ್ಕಳು ಕನ್ನಡ ಕಲಿಯಬೇಕಾದರೆ ಬೇರೆಯವರು ಬರೆದ ಅಕ್ಷರದ ಮೇಲೆ ನೂರು ಸಲ ಕೈಯಾಡಿಸಲೇಬೇಕು. ಅದನ್ನು ನಕಲೆಂದು ಹೀಗಳೆದರೆ ಆ ಕೂಸು ಬಳಪವನ್ನು ಕೆಳಗಿಡುತ್ತದೆ. ಮುಂದಿನ ಕೂಟವೂ ಅದೇ ಮನೆಯಲ್ಲಿದೆ. ಅಂದು ಆ ಸದಸ್ಯರಿಗೆ ಇದಿಷ್ಟನ್ನೂ ಎದುರಿಗೇ ಹೇಳಲಿದ್ದೇವೆ.